ಪ್ರಮಿಳಾ ಅವರ ಮಣಿಕಟ್ಟು

ಸಂಜಯ ಅಡುಗೆಮನೆಗೆ ಕಾಲಿಡುವುದಿಲ್ಲ ಎಂಬುದು ಬೆಳಗಾವಿ ಸದಾಶಿವನಗರದ ಆ ಓಣಿಗೆಲ್ಲ ಗೊತ್ತಿತ್ತು. ಗೊತ್ತಾಗುವಂತೆ ಅವನೇ ನೋಡಿಕೊಂಡಿದ್ದ. ಆಟೋ ನಗರದ ಅವನ ಗ್ಯಾರೇಜಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ, ಪಕ್ಕದ ಅಂಗಡಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ನಾಗಲಿಂಗ ಅರ್ಧ ರೊಟ್ಟಿ ಮುರಿದುಕೊಂಡು, ಸಂಜಯನ ಹೆಂಡತಿಯನ್ನು ನೆನೆದು, "ವೈನಿ ಕೈ ಅಂದ್ರ ಕೈ ನೋಡು" ಎನ್ನುತ್ತಿದ್ದ. ಸಂಜಯ ತಲೆ ತಗ್ಗಿಸಿ ಉಣ್ಣುತ್ತಿದ್ದ.

ನಿಜ ಏನೆಂದರೆ ಆ ರೊಟ್ಟಿ ಅವನೇ ಬಡಿದದ್ದು. ಹೆಂಡತಿ ಪ್ರಮಿಳಾ ಖಾನಾಪುರದವಳು, ಅನ್ನ ಉಂಡು ಬೆಳೆದವಳು. ಅವಳು ಬಡಿದ ಜೋಳದ ರೊಟ್ಟಿ ಹಂಚು ಮುಟ್ಟುವ ಮೊದಲೇ ಮೂರು ರಾಜ್ಯಗಳಾಗಿ ಒಡೆಯುತ್ತಿತ್ತು. ಮೇಲಾಗಿ ನರ್ಸ್ ಕೆಲಸ, ಬೆಳಗಿನ ಪಾಳಿ. ಸಂಜಯನಾದರೋ ಬೈಲಹೊಂಗಲ ಕಡೆಯವನು, ಅವ್ವನ ಬಾಜು ಕೂತು ಕಲಿತವನು. ಹೀಗೆ ಮದುವೆಯಾದ ಎರಡನೇ ತಿಂಗಳಿನಿಂದ ಇಂದಿನವರೆಗೆ, ಹತ್ತೊಂಬತ್ತು ವರ್ಷ, ಅವನು ನಸುಕಿನಲ್ಲೆದ್ದು ಈ ಗುಪ್ತ ಕೈಂಕರ್ಯ ನಡೆಸಿಕೊಂಡು ಬಂದಿದ್ದ. (ಓಣಿಯವರು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಪ್ರಮಿಳಾಳನ್ನು ಹೊಗಳುತ್ತಿದ್ದರು. ಅವಳು ನಿಸ್ಸಂಕೋಚವಾಗಿ ಹೊಗಳಿಸಿಕೊಳ್ಳುತ್ತಿದ್ದಳು.)

ಕೆಡಿಸಿದ್ದು ಬೇಸ್‌ಬಾಲ್.

ಪ್ರಮಿಳಾಳ ಅಕ್ಕನ ಮಗಳು ಪೂನಮ ಎರಡು ವರ್ಷ ಇವರ ಮನೆಯಲ್ಲಿದ್ದು ಕಾಲೇಜು ಓದಿದವಳು, ಈಗ ರಾಜ್ಯ ತಂಡದಲ್ಲಿ ಚೆಂಡು ಎಸೆಯುತ್ತಾಳೆ. ಅವಳಿಗೊಂದು ಅಭಿಮಾನಿ ಬಳಗವಿದೆ: ನಲವತ್ತೊಂದು ಜನ, ಅವರಲ್ಲಿ ಆಟದ ನಿಯಮ ಗೊತ್ತಿದ್ದವರು ನಾಲ್ವರು. ನಾಗಲಿಂಗ ಅದರ ಅಧ್ಯಕ್ಷ. ವಾರಪತ್ರಿಕೆಯೊಂದು ಪೂನಮಳ ಬಗ್ಗೆ ನಾಲ್ಕು ಪುಟ ಬರೆಯಲು ಹೊರಟಾಗ ವರದಿಗಾರ ಸಂಜಯನಿಗೆ ಫೋನ್ ಮಾಡಿ, ಆ ಮಣಿಕಟ್ಟಿನ ಚಳಕ ಎಲ್ಲಿಂದ ಬಂತೆಂದು ಕೇಳಿದ. ಸಂಜಯನ ಎದೆ ಉಬ್ಬಿತು.

"ನಮ್ಮನ್ಯಾಗ ರೊಟ್ಟಿ ಬಡಿಯೂದು ನೋಡಿ ಕಲತಾಳ್ರಿ."

"ಯಾರು ಬಡೀತಾರೆ ಸರ್?"

ಎದೆ ಇಳಿಯಿತು. "ನಮ್ಮ ಮನಿಯವ್ರು."

ಪತ್ರಿಕೆ ಬಂದ ದಿನವೇ ಬಳಗದ ಗ್ರೂಪಿನಲ್ಲಿ ಬೆಂಕಿ ಬಿತ್ತು. ಖಾನಾಪುರದ ಗಜಾನನ ಬರೆದ: "ನಮ್ಮೂರ ಪ್ರಮಿಳಕ್ಕಗ ಜ್ವಾಳದ ರೊಟ್ಟಿ ಬರತೈತಿ ಅಂದ್ರ ನಾ ನಂಬಾಂಗಿಲ್ಲ. ಆಕಿ ಬಡದದ್ದ ನಾ ತಿಂದೇನಿ." ಇದು ಪೂನಮಳಿಗೆ ಮಾಡಿದ ಅವಮಾನವೆಂದು ಬೆಳಗಾವಿಯವರು ಗುಡುಗಿದರು. ಇಬ್ಬರು ಗ್ರೂಪ್ ಬಿಟ್ಟರು, ಊಟವಾದ ಮೇಲೆ ಮತ್ತೆ ಸೇರಿದರು. ಕೊನೆಗೆ ನಾಗಲಿಂಗ ತೀರ್ಪು ಕೊಟ್ಟ: "ಜಗಳ ಬ್ಯಾಡ. ಐತವಾರ ಹತ್ತಕ್ಕ ಎಲ್ಲಾರೂ ಸಂಜಯಣ್ಣನ ಮನಿಗಿ ಹೋಗೂಣು. ವೈನಿ ಬಡೀಲಿ, ವಿಡಿಯೋ ಮಾಡೂಣು. ಕಾಲೇಜಿನ ಸೃಷ್ಟಿ ಮೇಡಂ ಸೈತ ತಮ್ಮ ಬೇಸ್‌ಬಾಲ್ ಹುಡುಗ್ಯಾರನ್ನ ಆ ಮಣಿಕಟ್ಟ ಕಲ್ಯಾಕ ಕರಕೊಂಡ ಬರ್ತಾರ."

ಸಂಜಯ ಆ ವಾರವಿಡೀ ಒಂದು ಬೋಲ್ಟನ್ನೂ ನೆಟ್ಟಗೆ ಬಿಗಿಯಲಿಲ್ಲ. ಶನಿವಾರ ಸಂಜೆ ಹೆಂಡತಿಯ ಮುಂದೆ ಕೂತ.

"ಏನಾರ ಮಾಡು ಪ್ರಮಿಳಾ."

"ನೀವ ಹೇಳಿದ್ರಿ, ನೀವ ಬಡೀರಿ."

"ಅಷ್ಟೂ ಮಂದಿ ಮುಂದ? ನಾಳೆ ಆಟೋ ನಗರದಾಗ ನಾ ಹ್ಯಾಂಗ ಅಡ್ಡಾಡ್ಲಿ?"

"ಕಾಲಿಲೆ ಅಡ್ಡಾಡ್ರಿ. ಅದಕ್ಕ ರೊಟ್ಟಿ ಏನ ಅಡ್ಡ ಬರತೈತಿ?"

ಅರ್ಧ ತಾಸು ಬೇಡಿಕೊಂಡ ಮೇಲೆ, ಕೈ ಸುಟ್ಟಿದೆಯೆಂದು ಪಟ್ಟಿ ಕಟ್ಟಿಕೊಳ್ಳಲು ಅವಳು ಒಪ್ಪಿದಳು. ಬೆರಳ ತುದಿಯಿಂದ ಮೊಣಕೈವರೆಗೆ ಅಚ್ಚುಕಟ್ಟಾಗಿ ಸುತ್ತಿ, "ಖರೇ ಪೇಷಂಟಿಗೂ ಇಷ್ಟ ಛಲೋ ಕಟ್ಟಿದ್ದಿಲ್ಲ" ಎಂದಳು.

ರವಿವಾರ ಹತ್ತಕ್ಕೆ ಚಪ್ಪಲಿಗಳ ಸಾಲು ಗೇಟಿನವರೆಗೆ ಬಂತು. ಹದಿನಾಲ್ಕು ಅಭಿಮಾನಿಗಳು, ಆರು ಹುಡುಗಿಯರು, ಸೀಟಿ ಕೊರಳಿಗೆ ಹಾಕಿಕೊಂಡ ಸೃಷ್ಟಿ ಮೇಡಂ. ಗಜಾನನ ಪಟ್ಟಿಯನ್ನೇ ದಿಟ್ಟಿಸಿದ.

"ಯಾವಾಗ ಸುಟ್ಟಿದ್ದು?"

"ನಿನ್ನಿ" ಎಂದ ಸಂಜಯ.

"ಮೊನ್ನಿ" ಎಂದಳು ಪ್ರಮಿಳಾ, ಅದೇ ಉಸಿರಿಗೆ.

ನಾಗಲಿಂಗ ನಡುವೆ ಬಂದ. "ಇರ್ಲಿ ಬಿಡು ಗಜಾನನ. ವೈನಿ ಬಾಯಿಲೆ ಹೇಳ್ಲಿ, ಹುಡುಗ್ಯಾರು ಬಡೀಲಿ."

ಎಲ್ಲರೂ ಅಡುಗೆಮನೆಗೆ ತುಂಬಿಕೊಂಡರು. ಸಂಜಯ ಮಾತ್ರ ಹೊಸ್ತಿಲ ಹೊರಗೆ ನಿಂತ. ಪ್ರಮಿಳಾ ಔಷಧ ಹೇಳುವ ದನಿಯಲ್ಲಿ, "ಹಿಟ್ಟ ಹಾಕ್ರಿ. ನೀರ ಹಾಕ್ರಿ. ಕಲಸ್ರಿ" ಎಂದಳು. ಹುಡುಗಿಯರು ನಲ್ಲಿಯ ತಣ್ಣೀರು ಸುರಿದರು. ಸಂಜಯ ಕಣ್ಣು ಮುಚ್ಚಿಕೊಂಡ. ಮೊದಲ ರೊಟ್ಟಿಯ ಅಂಚು ಬಾಯಿಬಿಟ್ಟಿತು. ಎರಡನೆಯದು ಕಲ್ಲಿಗೆ ಅಂಟಿತು. ಮೂರನೆಯದು ಎತ್ತುವಾಗಲೇ ಉದುರಿತು.

"ಜ್ವಾಳಾನ ಸುಮಾರ ಅದಾವ ಬಿಡು" ಎಂದ ಗಜಾನನ.

ಆ ಜೋಳವನ್ನು ಸಂಜಯ ತಾನೇ ಆರಿಸಿ, ಗಿರಣಿಯ ಮುಂದೆ ತಾನೇ ಕಾದು ನಿಂತು ಬೀಸಿಸಿ ತಂದಿದ್ದ.

"ಜ್ವಾಳಕ್ಕ ಹೆಸರಿಡಬ್ಯಾಡಪಾ" ಎಂದ. ದನಿ ಅವನಿಗೇ ಹೊಸದಾಗಿ ಕೇಳಿತು. "ಕುದಿಯೂ ಎಸರ ಹಾಕಿ ನಾದಬೇಕು. ತಣ್ಣೀರಾಗ ಕಲಸಿದ್ರ ಹಿಟ್ಟಿಗಿ ಜಿಗಿ ಎಲ್ಲಿಂದ ಬರತೈತಿ? ಸರೀರಿ ಎಲ್ಲಾರೂ."

ಹೊಸ್ತಿಲು ದಾಟಿ ಬಂದು ನೀರು ಮರಳಿಸಿದ. ಸಂಜಯ ತೋಳು ಮಡಚಿದ, ನಾದಿದ, ಬಡಿದ. ಸ್ಟಿಯರಿಂಗ್ ಚಕ್ರದಷ್ಟು ದುಂಡಗಿನ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ನಾಗಲಿಂಗ ಫೋನ್ ಕೆಳಗಿಳಿಸಿದ.

"ಸಂಜಯಣ್ಣ, ಅಂದ್ರ ಇಷ್ಟ ವರ್ಷ ನಾ ಹೊಗಳಿದ್ದು…"

"ನನ್ನ" ಎಂದ ಸಂಜಯ. ನಗೆ ಏಳುವುದನ್ನು ಕಾದ.

ಯಾರೂ ನಗಲಿಲ್ಲ. ಹುಡುಗಿಯರು ಚಪ್ಪಾಳೆ ಹೊಡೆದರು. ಸೃಷ್ಟಿ ಮೇಡಂ ಸೀಟಿ ಊದಿ, "ಕಾಕಾರ ಮಣಿಕಟ್ಟ ನೋಡ್ಕೋರಿ, ಹಂಗ ತಿರುವ್ರಿ" ಎಂದು ಆಜ್ಞಾಪಿಸಿದಳು. ಹತ್ತೊಂಬತ್ತು ವರ್ಷ ಸುಮ್ಮನೆ ಹೆದರಿದೆನಲ್ಲ ಎನಿಸಿತು ಸಂಜಯನಿಗೆ. ಕ್ರೀಡಾಗುರುವಿನ ಗಾಂಭೀರ್ಯ ತಂದುಕೊಂಡು, "ಒಳಗ ತಿರುವ್ರಿ, ಇನ್ನೂ ಒಳಗ" ಎಂದು ಸಾಲಿನ ಮುಂದೆ ಅಡ್ಡಾಡಿದ.

ನಾಗಲಿಂಗ ಉತ್ಸಾಹದಲ್ಲಿ ಪೂನಮಳಿಗೆ ವಿಡಿಯೋ ಕಾಲ್ ಹಚ್ಚಿದ. ಅವಳು ಆರೂ ಹುಡುಗಿಯರ ಕೈಗಳನ್ನು ಒಂದೊಂದಾಗಿ ನೋಡಿದಳು.

"ಕಾಕಾ, ಸಿಟ್ಟಾಗಬ್ಯಾಡ್ರಿ. ಆ ಮಣಿಕಟ್ಟ ನಿಮ್ಮಿಂದ ಬಂದಿದ್ದು ಖರೇ. ಅದಕ್ಕ ನಾ ಒಗದ ಚೆಂಡೆಲ್ಲಾ ಎಡಕ್ಕ ಹೋಗ್ತಿದ್ವು. ಅದನ್ನ ಬಿಡಸಾಕ ನಮ್ಮ ಕೋಚ್‌ಗ ಎಂಟ ತಿಂಗಳ ಹಿಡೀತು."

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು.

"ಕೈ ತೊಳಕೋರ್ರಿ" ಎಂದಳು ಸೃಷ್ಟಿ ಮೇಡಂ ಹುಡುಗಿಯರಿಗೆ.

ಪ್ರಮಿಳಾ ನಿಧಾನವಾಗಿ ಪಟ್ಟಿ ಬಿಚ್ಚತೊಡಗಿದಳು. "ಅಂದ್ರ ಪೂನಮನ ಕೈ ಕೆಡಿಸಿದಾಕಿ ನಾನ ಅಂತ ಇಡೀ ರಾಜ್ಯ ಓದೈತಿ. ತಪ್ಪ ತಿದ್ದಸ್ರಿ."

"ಹೋಗ್ಲಿ ಬಿಡು, ಯಾರ ನೆನಪ ಇಟ್ಕೊಂಡಾರು?"

"ನೀವ ಫೋನ್ ಮಾಡ್ತೀರೋ, ನಾ ಮಾಡ್ಲ್ಯೋ?"

ಅವಳೇ ಮಾಡಿದಳು. ಮುಂದಿನ ಸಂಚಿಕೆಯ ಮೂರನೇ ಪುಟದಲ್ಲಿ, ಚೌಕಟ್ಟಿನೊಳಗೆ, ದಪ್ಪ ಅಕ್ಷರಗಳಲ್ಲಿ ಹೀಗಿತ್ತು:

"ತಿದ್ದುಪಡಿ: ಕಳೆದ ವಾರದ ಲೇಖನದಲ್ಲಿ ಉಲ್ಲೇಖಿಸಿದ ಮಣಿಕಟ್ಟು ಶ್ರೀಮತಿ ಪ್ರಮಿಳಾ ಅವರದಲ್ಲ. ಅದು ಹತ್ತೊಂಬತ್ತು ವರ್ಷಗಳಿಂದ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುವ ಅವರ ಪತಿ, ಬೆಳಗಾವಿ ಆಟೋ ನಗರದ ಗ್ಯಾರೇಜ್ ಮಾಲೀಕರಾದ ಶ್ರೀ ಸಂಜಯ ಅವರದು. ಸದರಿ ಮಣಿಕಟ್ಟಿನಿಂದ ಕ್ರೀಡಾಪಟುವಿಗೆ ಯಾವ ಉಪಯೋಗವೂ ಆಗಿಲ್ಲವೆಂದು ತಿಳಿದುಬಂದಿದೆ. ಶ್ರೀಮತಿ ಪ್ರಮಿಳಾ ಅವರಿಗೆ ಉಂಟಾದ ನೋವಿಗೆ ವಿಷಾದಿಸುತ್ತೇವೆ."