ಸಂಗಮ್ಮನ ಹೊಟ್ಟೆಯ ಜಹಗೀರದಾರರಿಗೆ

ಕಾಸಾರಶಿರಸಿ, ನಿಲಂಗಾ ತಾಲೂಕು
ಶ್ರಾವಣ, ೧೯೫೭

ನನ್ನ ಮಗಳು ಸಂಗಮ್ಮನ ಸಣ್ಣ ಕರುಳಿನಲ್ಲಿ ಬಹುಕಾಲದಿಂದ ಬಿಡಾರ ಹೂಡಿರುವ ಜಂತುಹುಳು ಮಹಾಶಯರ ಪಾದಗಳಿಗೆ (ತಮಗೆ ಪಾದಗಳಿಲ್ಲವೆಂದು ಬಲ್ಲೆ, ಆದರೂ ಮರ್ಯಾದೆ ಬಿಡಲಾಗದು) ಮಾಣಿಕಪ್ಪನ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ಕ್ಷೇಮವೆಂಬುದರಲ್ಲಿ ಸಂಶಯವಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಕ್ಷೇಮವಾಗಿರುವವರು ತಾವು ಮಾತ್ರ. ನಿಜಾಮರ ಆಳ್ವಿಕೆ ಹೋಯಿತು, ಜಹಗೀರುಗಳು ರದ್ದಾದವು, ಸರಕು ತಡೆದು ಸುಂಕ ಕೀಳುತ್ತಿದ್ದ ಕರೋಡಗಿರಿ ನಾಕೆ ಬಾಗಿಲು ಹಾಕಿತು, ಹೋದ ವರ್ಷ ನಮ್ಮ ತಾಲೂಕನ್ನೇ ಬೀದರಿನಿಂದ ಕಿತ್ತು ಮುಂಬಯಿ ರಾಜ್ಯಕ್ಕೆ ಕೊಟ್ಟರು. ತಮ್ಮ ಜಹಗೀರಿಗೆ ಮಾತ್ರ ಯಾವ ಸರ್ಕಾರವೂ ಕೈ ಹಚ್ಚಲಿಲ್ಲ.

ಉಂಡದ್ದು ಹೊಟ್ಟೆಯಲ್ಲಿ ಅರೆದು ರಸವಾಗಿ, ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿ, ರಕ್ತವು ಅದನ್ನು ಎಲುಬಿಗೆ, ಮಾಂಸಕ್ಕೆ, ಕೆನ್ನೆಗೆ ಹೊತ್ತೊಯ್ದು ಹಂಚುತ್ತದೆಂದು ನಿಲಂಗಾದ ಡಾಕ್ಟರರು ಚಿತ್ರ ಬರೆದು ತೋರಿಸಿದರು. ಆ ಗೋಡೆಯ ಈಚೆಗೇ ತಾವು ನಾಕೆ ಹಾಕಿಕೊಂಡು ಕೂತಿರುವಿರಿ. ನನ್ನ ಹೆಂಡತಿ ಗಿರಿಜಾಬಾಯಿ ಕಡೆದ ಬೆಣ್ಣೆ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಸೋಮವಾರದ ಹೂರಣಗಡಬು, ಎಲ್ಲವೂ ಮೊದಲು ತಮ್ಮ ಮುಂದೆ ಹಾಯಬೇಕು. ನನ್ನ ಮಗಳ ಪಾಲಿಗೆ ಉಳಿಯುವುದು ತೇಗು. ಇಷ್ಟು ನಿಷ್ಠೆಯಿಂದ ಕೆಲಸಕ್ಕೆ ಹಾಜರಿರುವ ಅಧಿಕಾರಿಗಳನ್ನು ನಾನು ಮೂರು ತಾಲೂಕುಗಳಲ್ಲಿ ಕಂಡಿಲ್ಲ.

ತೊಂದರೆ ಇಷ್ಟೇ. ಎಷ್ಟು ಉಂಡರೂ ಸಂಗಮ್ಮನ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಅದನ್ನು ನೋಡಿ ನನ್ನ ತಾಯಿ ಪ್ರಯಾಗಬಾಯಿಯವರು, "ಈಕಿ ಕೂಸಿಗಿ ಉಣಸೋದೇ ಇಲ್ಲ, ಹಾಲೆಲ್ಲಾ ತಾನೇ ಕುಡೀತಾಳ. ಅಮಾಸಿ ಆಗಲಿ, ಪೋರಿನ ಉದಗೀರದಾಗ ನನ್ನ ಮಗಳ ಮನಿಗಿ ಕಳಸ್ತೀನಿ, ಆಕಿ ಸಾಕ್ತಾಳ" ಎಂದು ತೀರ್ಪು ಕೊಟ್ಟಿದ್ದಾರೆ. ತಮ್ಮ ಹೆಸರು ಹೇಳಿದರೆ, "ನಾ ಆರು ಮಕ್ಕಳ ಹಡದೀನಿ, ಡಾಕ್ಟರಗ ಏನ ತಿಳೀತದ?" ಎನ್ನುತ್ತಾರೆ. ಅಂದಿನಿಂದ ಗಿರಿಜಾಬಾಯಿ ಮಗಳನ್ನು ಕಟ್ಟೆಯ ಮೇಲೆ ಕೂರಿಸಿ, ಓಣಿಯವರೆಲ್ಲ ಕಾಣುವಂತೆ ಉಣಿಸುತ್ತಿದ್ದಾಳೆ. ಉಣ್ಣುವ ಕೂಸನ್ನು ನಾಲ್ವರ ಕಣ್ಣಿಗೆ ಬೀಳಿಸಿ ದೃಷ್ಟಿ ಮಾಡಿಸಿದಳೆಂದು ಈಗ ಅದಕ್ಕೂ ಬೈಗುಳ. ಮೊನ್ನೆ ಅವಳು ಉಣಿಸುತ್ತಲೇ ಅತ್ತಳು.

ಆದ್ದರಿಂದ ತಮ್ಮಲ್ಲಿ ಬಿನ್ನಹ. ದಯಮಾಡಿ ತಾವು ಖುದ್ದಾಗಿ ಹೊರಗೆ ಬಂದು, ನನ್ನ ತಾಯಿಯವರ ಮುಂದೆ ನಿಂತು, "ಸೊಸಿ ಉಣಸಿದ್ದೆಲ್ಲಾ ನಾವೇ ತಿಂದೀವ್ರೀ" ಎಂದು ಒಂದು ಮಾತು ಹೇಳಬೇಕು. ಮಾತು ಬಾರದಿದ್ದರೆ ಮೌನವಾಗಿಯಾದರೂ ದರ್ಶನ ಕೊಡಬೇಕು. ಹಗಲು ಹೊತ್ತಿನಲ್ಲೇ ಬರಬೇಕು, ಅವರಿಗೆ ಕಣ್ಣು ಮಂದ. ಇಷ್ಟು ವರ್ಷ ನಮ್ಮ ಉಪ್ಪು ಉಂಡವರು ಇಷ್ಟೂ ಮಾಡದಿದ್ದರೆ ಹೇಗೆ?

ತಮ್ಮ ಗೌರವಾರ್ಥ ನಾಳೆ ಬೆಳಗ್ಗೆ ಸಂಗಮ್ಮನಿಗೆ ಬರಿ ಹೊಟ್ಟೆಯಲ್ಲಿ ಉದಗೀರದ ಬೆಲ್ಲ ತಿನ್ನಿಸುವವರಿದ್ದೇವೆ. ತಾವು ಸಕುಟುಂಬ ಸಪರಿವಾರ ಒಂದೆಡೆ ಕೂಡಿ ಬಂದು ಸ್ವೀಕರಿಸಬೇಕು.

ತಮ್ಮನ್ನು ಇಷ್ಟು ವರ್ಷ ಸಾಕಿದ,
ತಮ್ಮ ವಿಶ್ವಾಸಿ
ಮಾಣಿಕಪ್ಪ

ತಾ.ಕ.: ಬೆಲ್ಲದ ಬೆನ್ನಿಗೇ ತಮ್ಮ ಕುಲವನ್ನು ಕೆಡವುವ ಮುತ್ತುಗದ ಬೀಜದ ಪುಡಿ, ಅದರ ಬೆನ್ನಿಗೆ ಹರಳೆಣ್ಣೆ ಬರಲಿವೆ. ತಮಗೆ ಓದು ಬಾರದೆಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ. ಜಹಗೀರು ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಕೊಟ್ಟಿತು, ನಮ್ಮಲ್ಲಿ ಆ ಪದ್ಧತಿ ಇಲ್ಲ. ಗಿರಿಜಾಬಾಯಿ ಈಗಲೇ ಹಿತ್ತಿಲು ಗುಡಿಸಿ, ಅತ್ತೆಯವರಿಗೆ ಕೂರಲು ಮಣೆ ಹಾಕಿಟ್ಟಿದ್ದಾಳೆ.