ಮಾವ ಹೊಲಿದ ಬೇಸಿಗೆ ನೈಟಿಗಳು

ನಮ್ಮ ಮಾವನವರು ಮನುಷ್ಯರ ಮುಖ ನೋಡಿ ಮಾತನಾಡಿದ್ದನ್ನು ಮದುವೆಯಾದ ಮೊದಲ ಒಂದು ವರ್ಷ ನಾನು ನೋಡಲೇ ಇಲ್ಲ. ಅವರು ಮಾತನಾಡುತ್ತಿದ್ದುದು ಕಾಲರಿನ ಜೊತೆ. ಕಾಲರ್ ಇಲ್ಲದವರಾದರೆ ಸೆರಗಿನ ಜೊತೆ. ಅದೂ ಇಲ್ಲದವರಾದರೆ ಟವೆಲ್ ಹಿಡಿದು ಬೆರಳಲ್ಲಿ ಉಜ್ಜುತ್ತ, "ಇದು ಎಲ್ಲಿ ತಗೊಂಡ್ರಿ?" ಎಂದು ಶುರು ಮಾಡುತ್ತಿದ್ದರು. ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಆಗತಾನೇ ಹೊರಬಂದ ನೆಂಟರಿಗೆ ಇದರಿಂದ ಎಷ್ಟು ಸಂಕಟವಾಗಿರಬೇಕು, ನೀವೇ ಯೋಚಿಸಿ!

ಮಾಗಡಿ ರಸ್ತೆಯ ಕಡೆ ಆಗ ಒಂದು ಬಟ್ಟೆ ಗಿರಣಿ ಇತ್ತು. ಮಾವ ಮೂವತ್ತು ವರ್ಷ ಅಲ್ಲಿ ನೇಯ್ದು ಬಂದ ಬಟ್ಟೆಯಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದರು. ಗಿರಣಿ ಮುಚ್ಚಿತು, ತಪ್ಪು ಹುಡುಕುವ ಚಟ ಮಾತ್ರ ಮುಚ್ಚಲಿಲ್ಲ. ನನ್ನನ್ನು ನೋಡಲು ಕೆಂಗೇರಿಯ ನಮ್ಮ ಮನೆಗೆ ಬಂದಾಗ ಅಷ್ಟೂ ಹೊತ್ತಿನಲ್ಲಿ ಅವರು ನಮ್ಮಪ್ಪನನ್ನು ಕೇಳಿದ್ದು ಒಂದೇ ಮಾತು: "ಈ ಕಿಟಕಿ ಪರದೆ ಹೊಸದಾ? ಎರಡು ಸಲ ಒಗೆದ್ರೆ ಗೇಣುದ್ದ ಗಿಡ್ಡ ಆಗುತ್ತೆ." ಅವರು ಹೋದ ಮೇಲೆ ಅಪ್ಪ ಕೆಂಡವಾದರು. ಅಮ್ಮ ಸುಮ್ಮನೆ ಪರದೆ ಬಿಚ್ಚಿ ಎರಡು ಸಲ ಒಗೆದಳು. ಅದು ಕಿಟಕಿಯ ನಡುಮಧ್ಯಕ್ಕೆ ಬಂದು ನಿಂತಿತು. "ಆ ಮನೆಗೇ ಕೊಡೋಣ ಕಣ್ರೀ, ಸುಳ್ಳು ಹೇಳೋ ಜನ ಅಲ್ಲ" ಅಂದಳು. ನನ್ನ ಮದುವೆ ಆದದ್ದು ಹೀಗೆ!

ರಾಜಾಜಿನಗರದ ಮನೆಗೆ ಬಂದ ಎರಡನೇ ವಾರದಲ್ಲೇ ನಾನು ಅನಾಹುತ ಮಾಡಿದೆ. ಮಾವ ಆಗೀಗ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದರು. ಕತ್ತರಿಸುವ ಮೊದಲು ಅವರು ನೆನೆಹಾಕಿದ್ದ ಕಡುಗೆಂಪು ಬಟ್ಟೆಯನ್ನು ಎಲ್ಲರ ಬನಿಯನ್, ಪಂಚೆಗಳ ಜೊತೆ ಸೇರಿಸಿ ವಾಷಿಂಗ್ ಮೆಷಿನ್ನಿಗೆ ಹಾಕಿಬಿಟ್ಟೆ. ಹೊರಗೆ ಬಂದಿದ್ದೆಲ್ಲ ಗುಲಾಬಿ. ನಾನು ಅಳುತ್ತ ನಿಂತಿದ್ದರೆ ಮಾವ ಒಂದು ಪಂಚೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಎಲ್ಲೂ ಕಲೆ ಇಲ್ಲ, ಒಂದೇ ಸಮ ಹತ್ತಿದೆ. ಗಿರಣೀಲೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ" ಅಂದರು. ಅವರು ವರ್ಷಪೂರ್ತಿ ಗುಲಾಬಿ ಪಂಚೆ ಉಟ್ಟುಕೊಂಡೇ ಬ್ಯಾಂಕಿಗೆ ಹೋಗಿ ಬಂದರು. ಅತ್ತೆ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಗುತ್ತಲೇ ಇದ್ದರು. ಅವರದು ಮಾತು ಕಡಿಮೆ. ನಗು ಹೆಚ್ಚು.

ಮುಂದಿನ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಅತ್ತೆ ಕಾಫಿ ಲೋಟ ಹಿಡಿದುಕೊಂಡೇ ಅಡುಗೆಮನೆಯಲ್ಲಿ ಬಿದ್ದರು. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಉಳಿದದ್ದು ಎಡಗೈ ಮತ್ತು ಕಣ್ಣು. ಮೂರು ವಾರದ ಮೇಲೆ ಆಸ್ಪತ್ರೆಯಿಂದ ಮನೆಗೆ ಕರೆತಂದು ನಡುಮನೆಯ ಮಂಚದಲ್ಲಿ ಮಲಗಿಸಿದೆವು. ಡಾಕ್ಟರು ಎರಡು ಮಾತು ಹೇಳಿದ್ದರು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಸಡಿಲವಾದ ಕಾಟನ್ ಬಟ್ಟೆ ಹಾಕಿ. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಹುಣ್ಣು ಆಗಿಯೇ ಆಯಿತು. ಆ ವರ್ಷದ ಮಾರ್ಚಿಗೇ ಬಿಸಿಲು ಹೆಂಚಿನಂತೆ ಕಾದಿತ್ತು. ದಿನಕ್ಕೆ ಆರು ಹಾಸಿಗೆ ಬಟ್ಟೆ, ನಾಲ್ಕು ನೈಟಿ. ಕಾವೇರಿ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ. ಒಗೆಯುವ ಕೆಲಸವನ್ನೆಲ್ಲ ಮಾವ ತಾವೇ ವಹಿಸಿಕೊಂಡರು. ಮೆಷಿನ್ನಿಗೆ ಹಾಕಲು ಬಿಡಲಿಲ್ಲ. "ಮೆಷಿನ್ನಿಗೆ ಕಣ್ಣಿಲ್ಲ" ಎಂದರು. ಮಾವನಿಗೆ ಕಣ್ಣಿತ್ತು, ಆದರೆ ಅಂದಾಜಿರಲಿಲ್ಲ! ಹುಣ್ಣಿಗೆ ನಂಜಾಗಬಾರದೆಂದು ಬಕೆಟ್ಟಿಗೆ ಬ್ಲೀಚಿಂಗ್ ಪುಡಿಯನ್ನು ರಾಗಿ ಹಿಟ್ಟು ಸುರಿದಂತೆ ಸುರಿದರು. ಬಟ್ಟೆಗಳು ಹಂಸದಂತೆ ಬಿಳುಪಾದವು. ನಾವೂ ಮೆಚ್ಚಿದೆವು.

ಒಂದು ಭಾನುವಾರ ಅತ್ತೆಯ ತಂಗಿಯ ಮನೆಯವರು ಮಹಾಲಕ್ಷ್ಮಿ ಲೇಔಟಿನಿಂದ ಮೋಸಂಬಿ ಹಿಡಿದುಕೊಂಡು ನೋಡಲು ಬಂದರು. ಗಂಡಸರು, ಹೆಂಗಸರು, ಮಕ್ಕಳು ಸೇರಿ ಎಂಟು ಜನ. ಅತ್ತೆಯನ್ನು ಒರಗಿಸಿ ಕೂರಿಸೋಣವೆಂದು ನಾನು, ನನ್ನ ಗಂಡ ಭುಜ ಹಿಡಿದು ಎತ್ತಿದೆವಷ್ಟೇ, ನೈಟಿ ಹಪ್ಪಳದ ಹಾಗೆ ಕುತ್ತಿಗೆಯಿಂದ ಮೊಣಕಾಲಿನವರೆಗೆ ಪರ್ರೆಂದು ಹರಿದು ಎರಡು ಕಡೆಗೂ ಬಿದ್ದಿತು. ಅಷ್ಟೂ ಜನರ ಎದುರಿಗೆ! ಯಾರೋ ಮಕ್ಕಳ ಕಣ್ಣು ಮುಚ್ಚಿದರು. ಯಾರೋ ಕ್ಯಾಲೆಂಡರ್ ನೋಡತೊಡಗಿದರು. ಅತ್ತೆಯ ಎಡಗೈ ಹೊದಿಕೆ ಹುಡುಕಿಕೊಂಡು ಹಾಸಿಗೆಯ ಮೇಲೆಲ್ಲ ತಡಕಾಡಿತು. ಹೊದಿಕೆ ಅವರ ಬಲಗಡೆ ಇತ್ತು. ಆ ಕೈ ಅಲ್ಲಿಗೆ ತಲುಪಲಿಲ್ಲ. ಮಾವ ತಮ್ಮ ಹೆಗಲ ಟವೆಲ್ ಕಿತ್ತು ಮುಚ್ಚಿದರು. ನಾನು ಹೊದಿಕೆ ಎಳೆದೆ. ಮೋಸಂಬಿ ಇಟ್ಟು ಎಲ್ಲರೂ ಬೇಗ ಹೊರಟರು. ಮಾವ ಅಂದು ಊಟ ಮಾಡಲಿಲ್ಲ.

ಮರುದಿನ ಬೆಳಗ್ಗೆ ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ಧೂಳು ಒರೆಸಿದರು. "ಅಂಗಡಿ ನೈಟಿ ಬೇಡ. ನಾನೇ ಹೊಲಿತೀನಿ" ಅಂದರು.

ಬಟ್ಟೆ ಆರಿಸಲು ಅವರ ಜೊತೆ ಹೋಗುವುದೆಂದರೆ ಮರ್ಯಾದೆಯನ್ನು ಮನೆಯಲ್ಲೇ ಇಟ್ಟು ಹೋಗುವುದು. ನಮ್ಮ ರಸ್ತೆ ತುದಿಯ ಅಂಗಡಿಯವನು ಪಾಪ್ಲಿನ್ ತೋರಿಸಿದ. ಮಾವ ಅದರ ತುದಿಯನ್ನು ಬಾಯಲ್ಲಿಟ್ಟು ಜಗಿದರು. "ಗಂಜಿ" ಅಂದರು. ಇನ್ನೊಂದನ್ನು ಮುಷ್ಟಿಯಲ್ಲಿ ಹಿಂಡಿ, ಐವತ್ತು ಎಣಿಸಿ, ಬಿಟ್ಟು ಸುಕ್ಕು ನೋಡಿದರು. ಮತ್ತೊಂದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತರು. ನಿದ್ದೆಯೇ ಬಂದಿತೇನೋ ಎಂದು ನಾನು ಕೆಮ್ಮಿದೆ. ಅಂಗಡಿಯವನು ಬೇಸತ್ತು, "ಸಾರ್, ಇದು ಪಾಲಿಯೆಸ್ಟರ್ ಮಿಕ್ಸು, ತುಂಬಾ ಬಾಳಿಕೆ ಬರುತ್ತೆ" ಅಂದ. ಮಾವ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಅದನ್ನ ನನ್ನೆದುರಿಗೆ ಬಿಚ್ಚಬೇಡಪ್ಪ" ಅಂದರು. ಕೊನೆಗೆ ಸಿಕ್ಕಿದ್ದು ಬಿಳಿಯ ಮಲ್ ಬಟ್ಟೆ, ಹಾಲಿನ ಕೆನೆಯಷ್ಟು ತೆಳುವಾದದ್ದು. ಅದನ್ನು ಮೂರು ಸಲ ಒಗೆದು, ಮೂರು ಸಲ ನೆರಳಲ್ಲಿ ಒಣಗಿಸಿ, ನಂತರ ಕತ್ತರಿ ಹಾಕಿದರು.

ಈಗ ಒಂದು ಪ್ರಶ್ನೆ ಎದುರಾಯಿತು. ಹೊಲಿಗೆ ಎಲ್ಲಿ ಚುಚ್ಚುತ್ತದೆಂದು ಹೇಳಲು ಅತ್ತೆಗೆ ಮಾತಿಲ್ಲ. ಹಾಗಾದರೆ ತಿಳಿಯುವುದು ಹೇಗೆ?

ಮಾವನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಒಂದು ಮಧ್ಯಾಹ್ನ ಅಂಗಿ ಬನಿಯನ್ ತೆಗೆದು, ಹೊಲಿದು ಮುಗಿಸಿದ ಮೊದಲ ನೈಟಿಯನ್ನು ತಾವೇ ತೊಟ್ಟು, ಇನ್ನೊಂದು ಮಂಚಕ್ಕೆ ರಬ್ಬರ್ ಶೀಟು ಹಾಸಿ, ಅಂಗಾತ ಮಲಗಿಬಿಟ್ಟರು. ಎರಡು ಗಂಟೆ ಅಲುಗಾಡುವಂತಿಲ್ಲ. ಕರೆಂಟ್ ಬೇರೆ ಹೋಗಿತ್ತು. ಅದೇ ಹೊತ್ತಿಗೆ ಎದುರುಮನೆ ಆಂಟಿ ಮಜ್ಜಿಗೆ ಚೊಂಬು ಹಿಡಿದು ಒಳಗೆ ಬಂದರು.

"ಅಯ್ಯೋ ಶಿವನೇ! ಇದೇನ್ರೀ ಇದು?"

"ಕೂಗಬೇಡಿ. ನಾನು ಅಲುಗಾಡೋ ಹಾಗಿಲ್ಲ. ಇನ್ನೂ ಮುಕ್ಕಾಲು ಗಂಟೆ ಇದೆ. ಮಜ್ಜಿಗೆ ಅಲ್ಲಿಟ್ಟು ಹೋಗಿ" ಅಂದರು ಮಾವ, ಚಾವಣಿ ನೋಡುತ್ತ.

ಸಂಜೆಯ ಹೊತ್ತಿಗೆ ರಸ್ತೆಗೆಲ್ಲ ಸುದ್ದಿ ಮುಟ್ಟಿತ್ತು. ಪಾಪ, ಹೆಂಡತಿಯ ಕಾಯಿಲೆಯಿಂದ ಯಜಮಾನರಿಗೆ ತಲೆ ಕೆಟ್ಟಿದೆ! ಮಾವ ಎದ್ದು ಬೆನ್ನು ತೋರಿಸಿದಾಗ ಎಡ ಹೆಗಲ ಮೂಳೆಯ ಮೇಲೆ ದಾರದಷ್ಟು ಸಣ್ಣ ಕೆಂಪು ಗೆರೆ ಎದ್ದಿತ್ತು. "ನೋಡಿದ್ಯಾ? ಇಲ್ಲಿ ಚುಚ್ಚುತ್ತೆ. ಬಿಚ್ಚಬೇಕು" ಅಂದರು. ಹೀಗೆ ನಾಲ್ಕು ನೈಟಿ ತೊಟ್ಟು ನಾಲ್ಕು ಮಧ್ಯಾಹ್ನ ಮಲಗಿದರು, ನಾಲ್ಕು ಸಲ ಬಿಚ್ಚಿದರು. ಐದನೆಯ ನೈಟಿಗೆ ಬೆನ್ನಲ್ಲಿ ಒಂದೂ ಹೊಲಿಗೆ ಇರಲಿಲ್ಲ. ಅತ್ತೆಯ ಹುಣ್ಣು ನಿಧಾನವಾಗಿ ಒಣಗತೊಡಗಿತು. ಡಾಕ್ಟರು, "ಯಾರು ಹೊಲಿದಿದ್ದು ಇದನ್ನ?" ಎಂದು ಕೇಳಿದರು. ಮಾವ ಡಾಕ್ಟರ ಬಿಳಿ ಕೋಟು ಮುಟ್ಟಿ ನೋಡಿ, "ನಿಮಗೂ ಒಂದು ಹೊಲೀಲಾ? ಇದು ತುಂಬಾ ಒರಟು" ಅಂದರು.

ಇಷ್ಟಾದರೂ ಅತ್ತೆಯ ಮುಖ ಅರಳಲಿಲ್ಲ. ಹೊಸ ನೈಟಿ ತೊಡಿಸುವಾಗಲೆಲ್ಲ ಕಣ್ಣು ಮುಚ್ಚಿಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಒಂದು ದಿನ ಹಾಸಿಗೆ ಸರಿಪಡಿಸಲು ನಾನು ಬಗ್ಗಿದಾಗ ನನ್ನ ಸೀರೆಯ ಸೆರಗು ಅವರ ಎಡಗೈ ಮೇಲೆ ಬಿತ್ತು. ಅದರಲ್ಲಿ ದೊಡ್ಡ ಕೆಂಪು ಹೂವುಗಳಿದ್ದವು. ಅವರು ಅದನ್ನು ಹಿಡಿದುಕೊಂಡು ಹೂವಿನ ಅಂಚನ್ನು ಹೆಬ್ಬೆರಳಿನಿಂದ ಸುತ್ತ ಸವರಿದರು. ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬಹಳ ಹೊತ್ತು ಬಗ್ಗಿಕೊಂಡೇ ನಿಂತಿದ್ದೆ.

ಮಾವ ಆರನೆಯ ನೈಟಿ ಹೊಲಿಯುತ್ತಿದ್ದರು. ಹತ್ತಿರ ಹೋಗಿ, "ಮಾವ, ಅತ್ತೆಗೆ ಬಣ್ಣದ್ದು ಬೇಕೇನೋ" ಅಂದೆ.

"ಬಣ್ಣ ಹುಣ್ಣಿಗೆ ಆಗಲ್ಲಮ್ಮ. ಬೆವರಿಗೆ ಇಳಿಯುತ್ತೆ."

ನಾನು ಆಡಬಾರದ ಮಾತು ಆಡಿದೆ. ನಾಲ್ಕು ತಿಂಗಳ ನಿದ್ದೆಗೆಟ್ಟ ಬಾಯಿ ಆಡಿಬಿಟ್ಟಿತು. "ಮಾವ, ಅವರಿನ್ನೂ ಬದುಕಿದಾರೆ. ನೀವು ಈಗಲೇ ಬಿಳಿ ಬಟ್ಟೆ ಹೊದಿಸ್ತಾ ಇದೀರಿ."

ಯಂತ್ರ ನಿಂತಿತು. ಮಾವ ಸೂಜಿಯ ಕೆಳಗಿದ್ದ ಬಟ್ಟೆಯನ್ನು ನೋಡಿದರು. ದಾರ ಕತ್ತರಿಸಿ, ಅದನ್ನು ಮಡಚಿ ಪಕ್ಕಕ್ಕಿಟ್ಟರು. ಎರಡು ದಿನ ನಾನು ಅವರ ಎದುರಿಗೆ ಬರಲು ಹೆದರಿದೆ.

ಮೂರನೆಯ ದಿನ ಅತ್ತೆಯನ್ನು ಡಾಕ್ಟರಿಗೆ ತೋರಿಸಿ ಆಟೋದಲ್ಲಿ ಮರಳುತ್ತಿದ್ದೆವು. ನಡುವೆ ಅತ್ತೆ, ಈ ಕಡೆ ನಾನು, ಆ ಕಡೆ ಮಾವ. ಬಟ್ಟೆ ಅಂಗಡಿಯ ಮುಂದೆ ಬರುತ್ತಲೇ ಮಾವ "ನಿಲ್ಸಪ್ಪ" ಅಂದರು. ಅಂಗಡಿಯವನು ಅವರನ್ನು ಕಂಡವನೇ ಬಿಳಿ ಮಲ್ ಬಟ್ಟೆಯ ಥಾನಿಗೆ ಕೈ ಹಾಕಿದ.

"ಅದು ಬೇಡ. ಇವತ್ತು ಗಿರಾಕಿ ನಾನಲ್ಲ, ಅವಳು. ಬಣ್ಣದ್ದೆಲ್ಲ ಇಲ್ಲಿಗೇ ತಗೊಂಡ್ಬಾ."

ಆಟೋದ ಬಾಗಿಲಲ್ಲೇ ವ್ಯಾಪಾರ ನಡೆಯಿತು. ಒಂದೊಂದೇ ಥಾನು ಅತ್ತೆಯ ತೊಡೆಯ ಮೇಲೆ ಬಿಚ್ಚಿಕೊಂಡಿತು. ಹಿಂದೆ ಬಸ್ಸಿನವನು ಹಾರನ್ ಒತ್ತಿದ. ಆಟೋದವನು, "ಸಾರ್, ಟ್ರಾಫಿಕ್ ಪೊಲೀಸ್ ಬರ್ತಾರೆ, ಬೇಗ ಮುಗ್ಸಿ" ಎಂದು ಗೊಣಗಿದ. ಐದು ನಿಮಿಷದ ಮೇಲೆ ಅವನೇ ಅಂಗಡಿಯವನಿಗೆ, "ಗುರು, ಆ ಮೂಲೇಲಿ ಹೂವಿಂದಿದೆಯಲ್ಲ, ಅದನ್ನ ತೋರ್ಸು ಅಮ್ಮಂಗೆ" ಅಂದ.

ಅದು ಗಿಳಿಹಸಿರು. ಅದರ ತುಂಬ ಊಟದ ತಟ್ಟೆಯಗಲದ ಕಿತ್ತಳೆ ಹೂವುಗಳು. ಅಪ್ಪಟ ಪಾಲಿಯೆಸ್ಟರ್! ಅತ್ತೆ ಎಡಗೈಯಿಂದ ಅದನ್ನು ಎಳೆದುಕೊಂಡು ಎದೆಗೆ ಒತ್ತಿಕೊಂಡರು. ಅಳತೆ ಮಾಡಲೂ ಬಿಡಲಿಲ್ಲ. ನಾನು ಮಾವನ ಕಡೆ ನೋಡಿದೆ. ಅವರು ಬಟ್ಟೆಯ ತುದಿಯನ್ನು ಬೆರಳಲ್ಲಿ ಒಮ್ಮೆ ಉಜ್ಜಿ ಬಿಟ್ಟರು.

"ಮೂರು ಮೀಟರ್ ಕೊಡು" ಅಂದರು.

ಮುಂಭಾಗಕ್ಕೆ ಆ ಹೂವು, ಬೆನ್ನಿಗೆ ಬಿಳಿ ಮಲ್ ಇಟ್ಟು ಹೊಲಿದರು. ಅದನ್ನು ತೊಡಿಸಿದ ದಿನ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಲಿಲ್ಲ. ಕುತ್ತಿಗೆ ಬಗ್ಗಿಸಿ ತಮ್ಮ ಹೊಟ್ಟೆಯ ಮೇಲಿನ ಹೂವನ್ನೇ ನೋಡಿಕೊಂಡರು. ಬಾಯಿಯ ಎಡಗಡೆ ಮಾತ್ರ ನಕ್ಕಿತು. ಆಮೇಲೆ ಬೇರೆ ನೈಟಿ ತಂದರೆ ಕೈಯಿಂದ ತಳ್ಳಿಬಿಡುತ್ತಿದ್ದರು. ಮಾವ ಅದೊಂದನ್ನೇ ದಿನಾ ಒಗೆದು ಗಂಟೆಯೊಳಗೆ ಒಣಗಿಸಿ ತಂದರು. "ದರಿದ್ರ ಬಟ್ಟೆ! ಎಷ್ಟು ಒಗೆದ್ರೂ ಒಂದು ಚೂರು ಬಣ್ಣ ಬಿಡಲ್ಲ" ಎಂದು ಬೈಯುತ್ತ ಕ್ಲಿಪ್ ಹಾಕುತ್ತಿದ್ದರು.

ಅತ್ತೆ ಅದನ್ನು ತೊಟ್ಟಿದ್ದು ಹತ್ತೊಂಬತ್ತು ದಿನ. ಜೂನಿನಲ್ಲಿ ಒಂದು ಬೆಳಗ್ಗೆ ನಾನು ಗಂಜಿ ಆರಿಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಎರಡನೆಯ ಸಲ ಪಾರ್ಶ್ವವಾಯು ಹೊಡೆದಿತ್ತು. ಮಾವ ಹಿತ್ತಲಲ್ಲಿ ಹಾಸಿಗೆ ಬಟ್ಟೆ ಹಿಂಡುತ್ತಿದ್ದರು. ಹೇಳಿದೆ. ಅವರು ಕೈಯಲ್ಲಿದ್ದುದನ್ನು ಪೂರ್ತಿ ಹಿಂಡಿ, ಕೊಡವಿ, ತಂತಿಗೆ ಹಾಕಿ, ಆಮೇಲೆ ಒಳಗೆ ಬಂದರು.

ಅದಾದ ಮೇಲೆ ಹೊಲಿಗೆ ಯಂತ್ರಕ್ಕೆ ಬೆಡ್‌ಶೀಟು ಹೊದಿಸಿದ್ದರು. ಎಂಟು ತಿಂಗಳು ಅದನ್ನು ಮುಟ್ಟಲಿಲ್ಲ. ನಾನು ಏಳು ತಿಂಗಳ ಬಸುರಿಯಾಗಿದ್ದಾಗ, ಬಿಸಿಲು ಏರತೊಡಗಿದ ಒಂದು ಮಧ್ಯಾಹ್ನ, "ನಡಿಯಮ್ಮ, ಈ ಬೇಸಿಗೆಗೆ ನಿಂಗೆ ಸಡಿಲವಾಗಿ ಎರಡು ಹೊಲೀಬೇಕು" ಎಂದು ಅದೇ ಅಂಗಡಿಗೆ ಕರೆದುಕೊಂಡು ಹೋದರು. ಯಾವ ಥಾನನ್ನೂ ಮುಟ್ಟದೆ ಕೈಕಟ್ಟಿ ನಿಂತರು.

"ಯಾವ ಬಣ್ಣ ಬೇಕು, ಹೇಳು."

"ಯಾವುದಾದ್ರೂ ಸರಿ ಮಾವ" ಅಂದೆ.

"ಹಾಗನ್ನಬೇಡಮ್ಮ." ಅವರ ದನಿ ಸಣ್ಣದಾಯಿತು. "ಅವಳೂ ನಲವತ್ತು ವರ್ಷ ಹಾಗೇ ಅಂದ್ಲು. ನಾನೂ ನಂಬ್ಕೊಂಡುಬಿಟ್ಟೆ."

ನಾನು ಕಪಾಟಿನಲ್ಲಿದ್ದ ಥಾನುಗಳನ್ನು ಒಂದೊಂದಾಗಿ ನೋಡಿದೆ. ಮಾವ ಕಾದರು.

"ಹಳದಿ" ಅಂದೆ ಕೊನೆಗೆ.

"ಎಂಥ ಹಳದಿ? ನಿಂಬೆಹಣ್ಣಿಂದಾ, ಚೆಂಡುಹೂವಿಂದಾ?" ಅಂದರು. "ನಿಧಾನವಾಗಿ ಯೋಚ್ನೆ ಮಾಡು."