ಝಂಡಾದ ಇನ್ನೊಂದು ತುದಿ

ನಮ್ಮ ಮನೆಯವರು ಮದುವೆಯಾದಾಗಿನಿಂದ ನನ್ನ ಒಂದು ಸೀರೆಯನ್ನೂ ಮಡಿಚಿಕೊಟ್ಟವರಲ್ಲ. ತಮ್ಮ ಲುಂಗಿಯನ್ನಂತೂ ಬಿಚ್ಚಿದ ಜಾಗದಲ್ಲೇ ಬಿಟ್ಟು ಹೊರಗೆ ಕಾಲಿಟ್ಟು ಹೋಗುತ್ತಿದ್ದರು. ಅದು ನೆಲದ ಮೇಲೆ ಬಾವಿಕಟ್ಟೆಯ ಹಾಗೆ ದುಂಡಗೆ ಕೂತಿರುತ್ತಿತ್ತು. ಆದರೂ ಬಟ್ಟೆ ಮಡಿಚುವುದರಲ್ಲಿ ಇಡೀ ಶಹಾಬಾದದಲ್ಲಿ ಅವರನ್ನು ಮೀರಿಸುವವರಿರಲಿಲ್ಲ ಎಂದರೆ ನಂಬುತ್ತೀರಾ? ಒಂದೇ ಬಟ್ಟೆ. ವರ್ಷಕ್ಕೆ ಮೂರೇ ಸಲ!

ಆ ಬಟ್ಟೆ ರಾಷ್ಟ್ರಧ್ವಜ. ಬೇರೆ ಕಡೆಯವರಿಗೆ ಧ್ವಜ ಏರಿಸುವುದು ವರ್ಷಕ್ಕೆರಡು ಸಲ. ನಮಗೆ ಹಾಗಲ್ಲ, ನಿಜಾಮನ ಆಳ್ವಿಕೆ ಮುಗಿದ ಸೆಪ್ಟೆಂಬರ್ ಹದಿನೇಳೂ ಸೇರುತ್ತದೆ. ಅಂದರೆ ನನ್ನ ಪಾಡು ಉಳಿದ ಹೆಂಗಸರ ಪಾಡಿಗಿಂತ ಒಂದೂವರೆ ಪಟ್ಟು! ಅವರ ಹೆಸರೇನು ಎಂದು ಕೇಳಬೇಡಿ. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಈಗ ಶುರು ಮಾಡುವ ಮನಸ್ಸೂ ಇಲ್ಲ.

ಅವರು ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದರು. ಅಲ್ಲಿ ಗಾಳಿಗಿಂತ ಕಲ್ಲಿನ ಹಿಟ್ಟೇ ಹೆಚ್ಚು. ಧ್ವಜವನ್ನು ಅಲ್ಲಿಯದೇ ಒಂದು ಕಪಾಟಿನ ಮೇಲೆ ಇಡುತ್ತಿದ್ದರು. ಒಂದು ವರ್ಷ ಧ್ವಜ ಕಟ್ಟುವ ಸರದಿ ಇವರಿಗೆ ಬಂತು. ಒಳಗೆ ಚೆಂಡುಹೂ ತುಂಬಿ ಕಟ್ಟಿದರೇ ಹೊರತು ಒಮ್ಮೆಯೂ ಝಾಡಿಸಿ ನೋಡಲಿಲ್ಲ. ನಿವೃತ್ತ ಮಾಸ್ತರರೊಬ್ಬರು ಹಗ್ಗ ಎಳೆದರು. ಧ್ವಜ ಬಿಚ್ಚಿಕೊಳ್ಳಲಿಲ್ಲ. ಹಗ್ಗಕ್ಕೆ ಮೆತ್ತಿದ್ದ ಕಲ್ಲಿನ ರಾಡಿ ರಾತ್ರಿಯೆಲ್ಲ ಒಣಗಿ ಗಂಟು ಗಚ್ಚಿನ ಹಾಗೆ ಗಟ್ಟಿಯಾಗಿತ್ತು. ಮಾಸ್ತರರು ಕಾಲೂರಿ ಜಗ್ಗಿದರು. ಆಗ ಬಿಚ್ಚಿಕೊಂಡಿತು ನೋಡಿ! ಹೂವಿಗಿಂತ ಮೊದಲು ಒಂದು ಸೇರು ಹಿಟ್ಟು ಅವರ ತಲೆಯ ಮೇಲೆ ಸುರಿಯಿತು. ಮಾಸ್ತರರು ಮೈತುಂಬ ವಿಭೂತಿ ಧರಿಸಿದ ಸ್ವಾಮಿಗಳಂತೆ ನಿಂತು, ಕಣ್ಣು ಮುಚ್ಚಿಕೊಂಡೇ ರಾಷ್ಟ್ರಗೀತೆ ಮುಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರಂತೆ: "ಈ ಝಂಡಾ ಯಾರ ಸುಪರ್ದಿನಾಗ ಅದರೀ?"

ಎಲ್ಲರೂ ನಕ್ಕರು. ಇವರೊಬ್ಬರು ನಗಲಿಲ್ಲ. ಸಂಜೆ ಧ್ವಜವನ್ನು ಎರಡೂ ಅಂಗೈ ಮೇಲೆ ಹೊತ್ತು ಮನೆಗೆ ಬಂದರು. ತಾವೇ ಒಗೆದರು, ನೆರಳಿಗೆ ಹಾಕಿದರು, ನೆಲಕ್ಕೆ ತಾಗದಂತೆ ಕಾವಲು ಕೂತರು. ಆಮೇಲೆ ನನ್ನ ಟ್ರಂಕು ತೆಗೆದರು.

"ಅದರಾಗ ನನ್ನ ಇಳಕಲ್ಲ ಸೀರಿ ಅದರೀ."

"ಗೊತ್ತದ. ತಗಿ ಅದನ್ನ. ಝಂಡಾದ ಮ್ಯಾಲ ಏನೂ ಇಡಬಾರದು."

"ಹಂಗಾರ ಕೆಳಗ ಇಡ್ತೀನಿ."

"ಒಂದು ದಿನ ಅವಸರದಾಗ ಮ್ಯಾಲ ಒಗದಿ ಅಂದ್ರ? ನಿನ್ನ ಭರೋಸ ನನಗಿಲ್ಲ. ಸೀರಿ ಜ್ವಾಳದ ಚೀಲದ ಮ್ಯಾಲ ಇಡು."

ನಮ್ಮವ್ವ ಕೊಟ್ಟ ಸೀರೆಗೆ ಅಂದಿನಿಂದ ಜೋಳದ ಹುಳಗಳ ಸಹವಾಸ!

ಮನೆಯೊಳಗಿನದು ಹೇಗೋ ನಡೆಯುತ್ತಿತ್ತು. ಹೊರಗೆ ಹೊರಟರೆ ಇನ್ನೂ ಚೆಂದ. ಒಮ್ಮೆ ಆಗಸ್ಟ್ ಹದಿನಾರಕ್ಕೆ ಸೇಡಂನ ನಮ್ಮ ತಂಗಿಯ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ. ಬಸ್ಸು ವಾಡಿ ದಾಟಿ ಚಿತ್ತಾಪುರದಲ್ಲಿ ನಿಂತಿತು. ಇವರು ಕಿಟಕಿಯಿಂದ ಇಣುಕಿದವರೇ ದಡದಡ ಇಳಿದುಬಿಟ್ಟರು. ನಿಲ್ದಾಣದ ತುಂಬ ಹಿಂದಿನ ದಿನದ ಕಾಗದದ ಧ್ವಜಗಳು ಕಾಲಡಿ ಬಿದ್ದಿದ್ದವು. ಬಗ್ಗಿ ಬಗ್ಗಿ ಒಂದೊಂದನ್ನೇ ಆರಿಸತೊಡಗಿದರು. ಡ್ರೈವರ್ ಹಾರ್ನ್ ಹೊಡೆದ. ಇವರು ಬಾಗಿದವರು ಏಳಲಿಲ್ಲ. ಕಂಡಕ್ಟರ್ ಬಾಗಿಲಿಗೆ ಬಂದು ಕೂಗಿದ:

"ಏ ಯಜಮಾನ್ರ, ಬಸ್ಸೇನ್ ನಿಮ್ಮಪ್ಪಂದೇನ್ರಿ?"

ಇವರು ಎರಡು ಮುಷ್ಟಿ ಧ್ವಜ ಹಿಡಿದು ಮೆಟ್ಟಿಲು ಹತ್ತುತ್ತ ಹೇಳಿದರು: "ಬಸ್ಸು ನಮ್ಮಪ್ಪಂದಲ್ಲಪಾ. ಆದ್ರ ಇದು ನಿಮ್ಮಪ್ಪಂದೂ ಹೌದು."

ಕಂಡಕ್ಟರ್ ಕೆಳಗೆ ನೋಡಿದ. ಅವನ ಬೂಟಿನ ಹತ್ತಿರವೇ ಒಂದು ಬಿದ್ದಿತ್ತು, ಅದನ್ನು ಎತ್ತಿ ಇವರ ಕೈಗಿಟ್ಟ. ನಾವು ಸೇಡಂ ಮುಟ್ಟಿದಾಗ ಕೂಸಿಗೆ ಹೆಸರಿಟ್ಟಾಗಿತ್ತು, ಹೋಳಿಗೆ ತಣ್ಣಗಾಗಿತ್ತು. "ಭಾವಾರು ಕೂಸಿಗೆ ಏನ್ ತಂದಾರ?" ಎಂದು ತಂಗಿ ಕೇಳಿದರೆ ಇವರ ಚೀಲದ ತುಂಬ ಹರಿದ ಧ್ವಜ! ಅವನ್ನೆಲ್ಲ ಮನೆಗೆ ತಂದು, ಯಾರೂ ಇಲ್ಲದ ಹೊತ್ತು ನೋಡಿ, ಹಿತ್ತಲಲ್ಲಿ ಒಬ್ಬರೇ ನೆಟ್ಟಗೆ ನಿಂತು ಮರ್ಯಾದೆಯಿಂದ ಸುಟ್ಟರು. ಮರುವರ್ಷ ಅದೇ ಕಂಡಕ್ಟರ್ ಸಿಕ್ಕಿದ. ಕೇಳುವ ಮೊದಲೇ ತನ್ನ ಚೀಲದಿಂದ ಒಂದು ಕಟ್ಟು ತೆಗೆದುಕೊಟ್ಟು, "ಯಜಮಾನ್ರ, ಈ ಸಲ ಇಳೀಬ್ಯಾಡ್ರಿ, ಕೈ ಮುಗೀತೀನಿ" ಎಂದ.

ಇಷ್ಟೆಲ್ಲ ಆಡಿಕೊಳ್ಳುವ ನಾನು ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಆ ಧ್ವಜ ಮಡಿಚಲು ಇಬ್ಬರು ಬೇಕು. ಇವರದೊಂದು ತುದಿ, ನನ್ನದೊಂದು. ಅದಕ್ಕೇ ಧ್ವಜ ಇಳಿಸುವ ಸಂಜೆ ನನಗೂ ಕಾರ್ಖಾನೆಯಲ್ಲಿ ಹಾಜರಿ. ಕೇಸರಿ, ಹಸಿರು ಎರಡನ್ನೂ ಬಿಳಿಯ ಕೆಳಗೆ ಸೇರಿಸಬೇಕು. ಆಮೇಲೆ ಎರಡೂ ಕಡೆಯಿಂದ ನಡುವಿಗೆ ಮಡಿಚುತ್ತ ಬರಬೇಕು, ಚಕ್ರ ಮೇಲೆ ಕಾಣಬೇಕು. ಒಂದೊಂದು ಮಡಿಕೆಗೂ ಹಿಡಿದವರು ಒಂದೊಂದು ಹೆಜ್ಜೆ ಹತ್ತಿರವಾಗುತ್ತಾರೆ. "ಸಡಿಲ ಬಿಡಬ್ಯಾಡ, ನೆಲಕ್ಕ ಹತ್ತತದ" ಎಂದು ಗದರುತ್ತ ಗದರುತ್ತ ಬಂದವರು ಕೊನೆಗೆ ನನ್ನ ಎದುರಿಗೇ ನಿಂತಿರುತ್ತಿದ್ದರು. ಚಕ್ರ ನಟ್ಟನಡುವೆ ಬಂದಿತೆಂದರೆ "ಬರೋಬ್ಬರಿ ಬಂತು" ಎಂದು ನನ್ನ ಮುಖ ನೋಡಿ ನಗುತ್ತಿದ್ದರು. ನಾಲ್ಕು ಜನರ ಎದುರು ನನ್ನನ್ನು ತಿರುಗಿಯೂ ನೋಡದ ಮನುಷ್ಯ! ವರ್ಷಕ್ಕೆ ಮೂರು ಸಲ ಆ ನಗು ನನ್ನದು.

ಈ ವರ್ಷ ಆಗಸ್ಟ್ ಹದಿನೈದಕ್ಕೂ ನಕ್ಕರು. ಒಂಬತ್ತನೆಯ ದಿನ ಚಹಾ ಕುಡಿಯುತ್ತ ಕೂತವರು ಹಾಗೇ ಹೋಗಿಬಿಟ್ಟರು.

ನಮ್ಮ ಪದ್ಧತಿಯಂತೆ ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದರು. ಕಾರ್ಖಾನೆಯವರು ಹೊಸದೊಂದು ಧ್ವಜ ತಂದರು. ಮಶೀನಿನ ಮೇಲೆ ಇವರ ಜೋಡಿಯಾಗಿದ್ದ ಮಹಬೂಬಣ್ಣ ಮುಂದೆ ಬಂದು, "ವೈನಿ, ಇದನ್ನ ಹೊದಿಸ್ತೀವ್ರಿ. ಅವರಿಗೆ ಬಿಟ್ಟು ಇನ್ಯಾರಿಗೆ?" ಎಂದ. ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ:

"ಬ್ಯಾಡ್ರಿ ಅಣ್ಣಾ. ಅದು ಸೈನ್ಯದಾಗ ಇದ್ದವರಿಗೆ, ಸರ್ಕಾರಿ ಮರ್ಯಾದಿ ಇದ್ದವರಿಗೆ. ಹೊದಿಸಿದ್ರ ಎದ್ದು ನಿಮಗೆಲ್ಲಾ ಬೈತಾರ."

ಮಹಬೂಬಣ್ಣ ಇವರ ಕಡೆ ನೋಡಿ, "ಹೌದ್ರಿ ವೈನಿ. ಕುಂತಾರ ಬ್ಯಾರೆ, ಏಳಲಿಕ್ಕ ಹೊತ್ತೇ ಹತ್ತಂಗಿಲ್ಲ" ಎಂದ. ನಗು ಬಂತು. ಅದರ ಹಿಂದೆಯೇ ಎಲ್ಲರಿಗೂ ಅಳು ಬಂತು.

ಸೆಪ್ಟೆಂಬರ್ ಹದಿನೇಳರ ಮುಂಜಾನೆ ಧ್ವಜಕ್ಕೆಂದು ಬಂದ ಮಹಬೂಬಣ್ಣ ಬಾಗಿಲಲ್ಲೇ ನಿಂತ. "ಏರಿಸೂದು ನಾವು ಏರಿಸ್ತೀವ್ರಿ. ಮಡಿಚೂದು ಯಾರಿಗೂ ಬರಂಗಿಲ್ಲ."

"ಇನ್ನಾ ತಿಂಗಳ ಆಗಿಲ್ಲವ್ವಾ, ಹೊರಗ ಹೋಗಬ್ಯಾಡ" ಎಂದಳು ಪಕ್ಕದ ಮನೆಯ ಅಜ್ಜಿ. ಯೋಚಿಸಿದೆ. ನಾನು ಹೋಗದಿದ್ದರೆ ಅದು ಮತ್ತೆ ಆ ಕಪಾಟಿನ ಮೇಲೆ, ಹಿಟ್ಟಿನೊಳಗೆ. ಸಂಜೆ ಹೋದೆ.

ನನ್ನ ತುದಿಯನ್ನು ನಾನು ಹಿಡಿದೆ. ಅವರ ತುದಿಯನ್ನು ಮಹಬೂಬಣ್ಣ ಹಿಡಿದ. "ಸಡಿಲ ಬಿಡಬ್ಯಾಡ್ರಿ, ನೆಲಕ್ಕ ಹತ್ತತದ" ಎಂದು ಗದರಿದ ದನಿ ನನ್ನದೇ. ಕೊನೆಯ ಮಡಿಕೆಗೆ ಅವನು ಎರಡು ಹೆಜ್ಜೆ ದೂರವೇ ನಿಂತು, ಕೈ ಚಾಚಿ ತನ್ನ ತುದಿಯನ್ನು ನನ್ನ ಅಂಗೈಗೆ ಕೊಟ್ಟು ಹಿಂದೆ ಸರಿದ. ಒಬ್ಬಳೇ ಮಡಿಚಿದೆ. ಚಕ್ರ ನಟ್ಟನಡುವೆ ಬಂತು.

ತಲೆ ಎತ್ತಿದೆ. ಎದುರಿಗೆ ಯಾರೂ ಇರಲಿಲ್ಲ.

"ಬರೋಬ್ಬರಿ ಬಂತು" ಎಂದೆ, ಅಲ್ಲಿಗೇ ನೋಡಿ ನಕ್ಕೆ.